ಬ್ರೇಕಿಲ್ಲದ ಬೈಕು, ಬಾಡಿಗೆಯ ಅಂಗಳ: ಬ್ರಿಟಿಷ್ ಸ್ಪೀಡ್‌ವೇ ಕುರಿತು ಒಂದು ವಿಮರ್ಶೆ

ಬ್ರೇಕ್ ಇಲ್ಲದ, ಒಂದೇ ಗೇರಿನ, 500 ಸಿಸಿ ಬೈಕುಗಳನ್ನೇರಿ ನಾಲ್ವರು ಸವಾರರು ಪುಡಿಗಲ್ಲಿನ ಹಾಸಿನ ಮೇಲೆ ಎಡಕ್ಕೆ ತಿರುಗುತ್ತಾ ನಾಲ್ಕು ಸುತ್ತು ಹಾಕುತ್ತಾರೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಗೆದ್ದವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು ಅಂಕ ಸಿಗುತ್ತದೆ, ಕೊನೆಯವನಿಗೆ ಏನೂ ಇಲ್ಲ. ಸ್ಪೀಡ್‌ವೇ ಆಟದ ನಿಯಮ ಮೂಲದಲ್ಲಿ ಇಷ್ಟೇ. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಮೇಲೆ ಈ ಆಟದ ಹುಚ್ಚು ಹತ್ತಿಸಿಕೊಂಡ ನಾನು ಹಲವು ಋತುಗಳಿಂದ ಬೇರೆ ಬೇರೆ ಊರುಗಳ ಟ್ರ್ಯಾಕುಗಳಿಗೆ ಹೋಗುತ್ತಿದ್ದೇನೆ. ದುಡ್ಡು ಕೊಟ್ಟು ನೋಡುವ ಮನರಂಜನೆಯಾಗಿ ಇದು ಹೇಗಿದೆ, ಯಾವ ಕ್ಲಬ್ಬಿಗೆ ಹೋದರೆ ಏನು ಸಿಗುತ್ತದೆ ಎಂಬುದನ್ನು ಬ್ರಿಟನ್ನಿನಲ್ಲಿರುವ, ಇಲ್ಲವೇ ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದಿಳಿಯುವ ಕನ್ನಡಿಗರಿಗೆ ತಿಳಿಸುವುದು ಈ ಬರಹದ ಉದ್ದೇಶ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಓಟ ಅಪ್ಪಟವಾದದ್ದು, ಅದನ್ನು ನಡೆಸುವ ಲೀಗಿನ ಏರ್ಪಾಡು ಗೊಂದಲದ ಗೂಡು, ಆದರೆ ಆಟಕ್ಕೆ ಬಂದಿರುವ ನಿಜವಾದ ಕುತ್ತು ಎಂದರೆ ಹೆಚ್ಚಿನ ಕ್ಲಬ್ಬುಗಳು ನಿಂತಿರುವ ನೆಲ ಅವುಗಳದ್ದಲ್ಲ.

ಮೊದಲ ಸಲ ನೋಡುವವರು ಮ್ಯಾಂಚೆಸ್ಟರಿನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಮ್ಮಿಗೇ ಹೋಗಬೇಕು. ಗಾರ್ಟನ್ ಬಡಾವಣೆಯಲ್ಲಿರುವ ಇದು ಬೆಲ್ ವ್ಯೂ ಏಸಸ್ ತಂಡದ ತವರು. ಬ್ರಿಟನ್ನಿನ ಬಹುಪಾಲು ಸ್ಪೀಡ್‌ವೇ ಟ್ರ್ಯಾಕುಗಳು ನಾಯಿ ಓಟದ ಅಂಗಳದೊಳಗೋ, ಫುಟ್‌ಬಾಲ್ ಮೈದಾನದ ಸುತ್ತಲೋ, ಹಳೆಯ ಕಾರು ಓಟದ ಅಂಗಳದಲ್ಲೋ ಹೇಗೋ ಹೊಂದಿಕೊಂಡು ಇರುವಂಥವು. ಇದು ಮಾತ್ರ ಸ್ಪೀಡ್‌ವೇಗೆಂದೇ ಕಟ್ಟಿದ, 2016ರಲ್ಲಿ ಬಾಗಿಲು ತೆರೆದ, ಆರು ಸಾವಿರ ಜನ ಹಿಡಿಸುವ ಕ್ರೀಡಾಂಗಣ. ಆರಂಭ ಮಾತ್ರ ಶುಭವಾಗಿರಲಿಲ್ಲ. ಆ ವರ್ಷದ ಮಾರ್ಚ್ 19ರಂದು ಮೊದಲ ಸ್ಪರ್ಧೆಗೆಂದು ದೂರದೂರದಿಂದ ಜನ ಬಂದು ಕೂತ ಮೇಲೆ ಟ್ರ್ಯಾಕು ಓಡಿಸಲು ಯೋಗ್ಯವಾಗಿಲ್ಲವೆಂದು ಸ್ಪರ್ಧೆಯನ್ನೇ ರದ್ದು ಮಾಡಬೇಕಾಯಿತು. ಆಮೇಲೆ ಸರಿಪಡಿಸಿದ ಅದೇ ಟ್ರ್ಯಾಕು ಈಗ ದೇಶದಲ್ಲೇ ಅತ್ಯುತ್ತಮ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. 347 ಮೀಟರಿನ ಈ ಸುತ್ತಿನಲ್ಲಿ ತಿರುವುಗಳು ಅಗಲವಾಗಿವೆ, ಹೊರ ಅಂಚು ತುಸು ಎತ್ತರಕ್ಕಿದೆ. ಹಾಗಾಗಿ ಆರಂಭದಲ್ಲಿ ಹಿಂದೆ ಬಿದ್ದವನು ಬೇಲಿಯ ಪಕ್ಕದ ದಾರಿ ಹಿಡಿದು, ಅಲ್ಲಿ ಬಂದು ಗುಡ್ಡೆಯಾದ ಪುಡಿಯಲ್ಲಿ ಚಕ್ರಕ್ಕೆ ಹಿಡಿತ ಸಿಕ್ಕಿ, ಕೊನೆಯ ಸುತ್ತಿನಲ್ಲೂ ಇಬ್ಬರನ್ನು ದಾಟಿ ಹೋಗಬಲ್ಲ. ಇಕ್ಕಟ್ಟಾದ ಟ್ರ್ಯಾಕುಗಳಲ್ಲಿ ಮೊದಲ ತಿರುವಿನಲ್ಲಿ ಮುಂದಿದ್ದವನೇ ಬಹುತೇಕ ಗೆಲ್ಲುತ್ತಾನೆ, ಉಳಿದ ಮೂರೂವರೆ ಸುತ್ತು ಬರೀ ಮೆರವಣಿಗೆಯಾಗುತ್ತದೆ. ಆಟ ಒಂದೇ ಆದರೂ ಟ್ರ್ಯಾಕಿನ ಆಕಾರದಿಂದ ಅದರ ರುಚಿ ಇಷ್ಟು ಬದಲಾಗುತ್ತದೆ.

ಮುಖ್ಯ ಗ್ಯಾಲರಿಯಲ್ಲಿ ಕುರ್ಚಿಗಳಿವೆ, ಮೇಲೆ ಸೂರಿದೆ, ಆದರೂ ನನ್ನ ಸಲಹೆ ಮೊದಲ ತಿರುವಿನ ಬೇಲಿಯ ಹತ್ತಿರ ನಿಲ್ಲಿ ಎಂದೇ. ಸವಾರರು ಗೇಟಿಗೆ ಬಂದು ನಿಂತಾಗ ಮಾಡುವ ಮೊದಲ ಕೆಲಸವೆಂದರೆ ಬೂಟಿನಿಂದ ನೆಲವನ್ನು ಕೆದಕುವುದು. ಹಿಂದಿನ ಓಟಗಳಲ್ಲಿ ಬಿದ್ದ ಗೀರನ್ನು ತುಂಬಿಸಿ, ತಮ್ಮ ಹಿಂಚಕ್ರಕ್ಕೆ ಒಳ್ಳೆಯ ಹಿಡಿತ ಸಿಗುವ ಜಾಗ ಹುಡುಕುತ್ತಾರೆ. ಎಡಗಾಲಿನ ಬೂಟಿನಡಿ ಕಟ್ಟಿಕೊಂಡ ಉಕ್ಕಿನ ಅಟ್ಟೆ ಆಗ ಗರಗರ ಎನ್ನುತ್ತದೆ. ತಿರುವಿನಲ್ಲಿ ಈ ಕಾಲನ್ನೇ ನೆಲಕ್ಕೆ ಊರಿ ಜಾರಿಸುತ್ತಾ ಹೋಗಬೇಕಾದ್ದರಿಂದ ಆ ಅಟ್ಟೆ ಇಲ್ಲದೆ ಬೂಟು ಉಳಿಯುವುದಿಲ್ಲ. ಬಲಗೈ ಮಣಿಕಟ್ಟಿನಿಂದ ಬೈಕಿಗೆ ಒಂದು ದಾರ ಕಟ್ಟಿರುತ್ತದೆ; ಸವಾರ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ತಾನಾಗಿ ನಿಲ್ಲುತ್ತದೆ. ಅಡ್ಡ ಕಟ್ಟಿದ ಟೇಪು ಮೇಲಕ್ಕೆ ಹಾರಿದ ಕ್ಷಣ ನಾಲ್ವರೂ ಕ್ಲಚ್ ಬಿಡುತ್ತಾರೆ, ಮುಂಚಕ್ರಗಳು ನೆಲ ಬಿಟ್ಟೇಳುತ್ತವೆ, ನಾಲ್ಕು ಜನ ಒಬ್ಬನಿಗಷ್ಟೇ ಜಾಗವಿರುವ ತಿರುವಿನೊಳಗೆ ಒಟ್ಟಿಗೇ ನುಗ್ಗುತ್ತಾರೆ. ಬ್ರೇಕ್ ಇಲ್ಲದ ಬೈಕು ತಿರುಗುವುದು ಹೇಗೆಂದರೆ, ಹಿಂಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ ಹಿಡಿದು, ಥ್ರಾಟಲ್ ಬಿಡದೆ ಅಡ್ಡಡ್ಡವಾಗಿಯೇ ಎಡಕ್ಕೆ ಹೋಗುವುದು. ಇದನ್ನು ಟಿವಿಯಲ್ಲಿ ನೋಡಿದರೆ ಸುಲಭದ ಕಸರತ್ತಿನಂತೆ ಕಾಣುತ್ತದೆ. ಬೇಲಿಯ ಬಳಿ ನಿಂತಾಗ ಮಾತ್ರ ನಾಲ್ಕು ಎಂಜಿನ್ನುಗಳ ಆರ್ಭಟ ಎದೆಗೂಡಿನೊಳಗೆ ಹೊಕ್ಕು, ಒಂದು ಕ್ಷಣದ ಮೇಲೆ ಪುಡಿಗಲ್ಲಿನ ಮಳೆ ಮುಖಕ್ಕೆ ಬಡಿಯುತ್ತದೆ. ಮೆಥನಾಲ್ ಮತ್ತು ಸುಟ್ಟ ಎಣ್ಣೆಯ ವಾಸನೆ ಬಟ್ಟೆಗೆ ಹತ್ತಿದ್ದು ಮನೆಗೆ ಬಂದರೂ ಬಿಡುವುದಿಲ್ಲ. ಬಿಳಿ ಬಟ್ಟೆ ತೊಟ್ಟು ಹೋಗಬೇಡಿ, ಚಹಾದ ಲೋಟಕ್ಕೆ ಅಂಗೈ ಮುಚ್ಚಿಕೊಳ್ಳಿ.

ಒಂದು ಲೀಗ್ ಪಂದ್ಯದಲ್ಲಿ ತಂಡಕ್ಕೆ ಏಳು ಸವಾರರಂತೆ ಹದಿನೈದು ಹೀಟುಗಳು, ಅಂದರೆ ನಾಲ್ಕು ಸುತ್ತಿನ ಓಟಗಳು, ಇರುತ್ತವೆ. ಪ್ರತಿ ಹೀಟಿನಲ್ಲಿ ಎರಡೂ ತಂಡದಿಂದ ಇಬ್ಬಿಬ್ಬರು ಓಡುತ್ತಾರೆ. ತವರಿನವರಿಗೆ ಕೆಂಪು ಮತ್ತು ನೀಲಿ, ಬಂದವರಿಗೆ ಬಿಳಿ ಮತ್ತು ಹಳದಿ ಬಣ್ಣದ ಹೆಲ್ಮೆಟ್. ಒಟ್ಟು ತೊಂಬತ್ತು ಅಂಕ, ನಲವತ್ತಾರು ಮುಟ್ಟಿದರೆ ಗೆದ್ದಂತೆ. ಬಾಗಿಲಲ್ಲಿ ಸಿಗುವ ಕಾರ್ಯಕ್ರಮ ಪುಸ್ತಿಕೆಯಲ್ಲಿ ಹದಿನೈದೂ ಹೀಟುಗಳ ಖಾಲಿ ಚೌಕಗಳಿರುತ್ತವೆ, ಅಂಕಗಳನ್ನು ನೋಡುವವರೇ ತುಂಬಿಕೊಳ್ಳಬೇಕು. ಇದು ತಪ್ಪದೆ ಪಾಲಿಸುವ ಆಚರಣೆ. ಫೋನಿನಲ್ಲಿ ಎಲ್ಲ ಅಂಕವೂ ತಕ್ಷಣ ಸಿಗುವ ಈ ಕಾಲದಲ್ಲೂ ಪೆನ್ನಿಲ್ಲದೆ ಬಂದವರನ್ನು ಅಕ್ಕಪಕ್ಕದವರು ಕನಿಕರದಿಂದ ನೋಡುತ್ತಾರೆ. ನಾನು ನಿಲ್ಲುವ ಕಡೆಗೆ ಬರುವ, ಎಪ್ಪತ್ತು ದಾಟಿದ ಹಿರಿಯರೊಬ್ಬರು ನಾಲ್ಕು ಬಣ್ಣದ ಪೆನ್ನು ಇಟ್ಟುಕೊಂಡು, ಸಮಯವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಬರೆದುಕೊಂಡು, ಹೀಟ್ ಮುಗಿದ ಮೇಲೆ ಮೈಕಿನಲ್ಲಿ ಘೋಷಣೆಯಾದದ್ದು ತಮ್ಮ ಲೆಕ್ಕಕ್ಕೆ ತಾಳೆಯಾಗದಿದ್ದರೆ ಗಟ್ಟಿಯಾಗಿಯೇ ಆಕ್ಷೇಪಿಸುತ್ತಾರೆ. ಎರಡೂ ತಂಡದ ಅಭಿಮಾನಿಗಳು ಬೆರೆತೇ ನಿಲ್ಲುತ್ತಾರೆ. ಫುಟ್‌ಬಾಲ್ ಪಂದ್ಯಗಳಲ್ಲಿ ಕಾಣುವ ಪೊಲೀಸ್ ಸಾಲು, ಬೇರೆ ಬೇರೆ ದ್ವಾರ ಇಲ್ಲಿಲ್ಲ. ಸಣ್ಣ ಮಕ್ಕಳನ್ನೂ ವಯಸ್ಸಾದ ತಂದೆತಾಯಿಯನ್ನೂ ಅಂಜಿಕೆಯಿಲ್ಲದೆ ಕರೆದುಕೊಂಡು ಹೋಗಬಹುದು. ಮಕ್ಕಳ ಕಿವಿಗೆ ಮುಚ್ಚಿಗೆ ಮಾತ್ರ ಮರೆಯಬಾರದು.

ದೂರುಗಳೂ ಇವೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ನಿಜವಾದ ಓಟ ಹದಿನೈದು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಟ್ರ್ಯಾಕ್ಟರು ಹಾಸನ್ನು ಸಮ ಮಾಡುವುದನ್ನೂ, ನೀರಿನ ಟ್ಯಾಂಕರು ಧೂಳು ಅಡಗಿಸುವುದನ್ನೂ ನೋಡುತ್ತಾ ನಿಲ್ಲಬೇಕು. ಟ್ರ್ಯಾಕಿನ ಆರೈಕೆ ಅಗತ್ಯವೆಂಬುದು ನಿಜ, ಆದರೆ ಆ ಬಿಡುವಿನಲ್ಲಿ ಪ್ರೇಕ್ಷಕರಿಗೆ ಏನಾದರೂ ತಿಳಿಸಿಕೊಡುವ ಪ್ರಯತ್ನವನ್ನು ಕೆಲವೇ ಕ್ಲಬ್ಬುಗಳು ಮಾಡುತ್ತವೆ. ನಾನು ಹೋದ ಒಂದು ಟ್ರ್ಯಾಕಿನಲ್ಲಿ ಧ್ವನಿವರ್ಧಕದಿಂದ ಒಂದು ಪದವೂ ಅರ್ಥವಾಗುವಂತಿರಲಿಲ್ಲ, ಯಾರನ್ನು ಓಟದಿಂದ ಹೊರಗಿಟ್ಟರು, ಯಾಕೆ ಹೀಟನ್ನು ಮತ್ತೆ ಓಡಿಸಿದರು ಎಂಬುದನ್ನು ಪಕ್ಕದವರನ್ನು ಕೇಳಿಯೇ ತಿಳಿಯಬೇಕಾಯಿತು. ಅಲ್ಲಿನ ಶೌಚಾಲಯದ ವಿಷಯ ಇಲ್ಲಿ ಬೇಡ. ಊಟದ ಮಟ್ಟಿಗೆ ಸಸ್ಯಾಹಾರಿಗಳ ಪಾಡು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಚಿಪ್ಸ್, ಮತ್ತೆ ಚಿಪ್ಸ್. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗುವವರು ಹೊರಗಿನ ತಿಂಡಿ ಒಳಗೆ ಬಿಡುತ್ತಾರೆಯೇ ಎಂದು ಆಯಾ ಕ್ಲಬ್ಬನ್ನು ಮೊದಲೇ ಕೇಳಿಕೊಳ್ಳಬೇಕು. ದೊಡ್ಡವರ ಟಿಕೆಟ್ಟಿನ ಬೆಲೆ ಇಪ್ಪತ್ತು ಪೌಂಡಿನ ಆಸುಪಾಸಿನಲ್ಲಿದೆ. ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಟಿಕೆಟ್ಟಿನ ಎದುರು ಇದು ಅಗ್ಗವೇ. ಆದರೆ ಹದಿನೈದರಲ್ಲಿ ಹತ್ತು ಹೀಟು ಮೊದಲ ತಿರುವಿನಲ್ಲೇ ತೀರ್ಮಾನವಾದ ರಾತ್ರಿ ದುಬಾರಿ ಅನಿಸುತ್ತದೆ.

ಇನ್ನು ಲೀಗಿನ ಏರ್ಪಾಡು. ಪ್ರತಿ ಸವಾರನಿಗೆ ಅವನು ನಾಲ್ಕು ಓಟಕ್ಕೆ ಎಷ್ಟು ಅಂಕ ಗಳಿಸುತ್ತಾನೆ ಎಂಬ ಲೆಕ್ಕದಲ್ಲಿ ಒಂದು ಸರಾಸರಿ ಇರುತ್ತದೆ, ಮತ್ತು ಋತುವಿನ ಆರಂಭದಲ್ಲಿ ಒಂದು ತಂಡದ ಎಲ್ಲರ ಸರಾಸರಿ ಕೂಡಿದರೆ ನಿಗದಿತ ಮಿತಿಯನ್ನು ದಾಟುವಂತಿಲ್ಲ. ಶ್ರೀಮಂತ ಕ್ಲಬ್ಬೊಂದು ಒಳ್ಳೆಯ ಸವಾರರನ್ನೆಲ್ಲ ಬಾಚಿಕೊಳ್ಳದಿರಲಿ ಎಂಬ ಸದುದ್ದೇಶದ ನಿಯಮವಿದು. ಪರಿಣಾಮ ಮಾತ್ರ ವಿಚಿತ್ರ: ತಂಡ ಚೆನ್ನಾಗಿ ಆಡಿ ಗೆದ್ದರೆ ಎಲ್ಲರ ಸರಾಸರಿಯೂ ಏರುತ್ತದೆ, ಆದ್ದರಿಂದ ಮುಂದಿನ ವರ್ಷ ಅದೇ ತಂಡವನ್ನು ಉಳಿಸಿಕೊಳ್ಳಲಾಗುವುದಿಲ್ಲ, ನಿಮ್ಮ ಮಗು ಯಾರ ಹೆಸರಿನ ಟೀ ಶರ್ಟು ಕೊಂಡಿತ್ತೋ ಅವನೇ ಎದುರಾಳಿಯಾಗಿ ಬರುತ್ತಾನೆ. ಇದಕ್ಕಿಂತ ಹೊಸಬರನ್ನು ಕಂಗೆಡಿಸುವುದು ಅತಿಥಿ ಸವಾರನ ಪದ್ಧತಿ. ನಿಮ್ಮ ತಂಡದ ಸವಾರನಿಗೆ ಗಾಯವಾದರೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಸರಾಸರಿಯ ಇನ್ನೊಬ್ಬನನ್ನು ಬೇರೆ ಕ್ಲಬ್ಬಿನಿಂದ ಒಂದು ರಾತ್ರಿಯ ಮಟ್ಟಿಗೆ ತಂದುಕೊಳ್ಳಬಹುದು. ಹೋದ ವಾರ ನೀವು ಬೈದವನನ್ನು ಈ ವಾರ ನಿಮ್ಮದೇ ತಂಡದ ಅಂಗಿಯಲ್ಲಿ ನೋಡಿ ಚಪ್ಪಾಳೆ ತಟ್ಟಬೇಕು. ಒಬ್ಬನೇ ಸವಾರ ಮೇಲಿನ ದರ್ಜೆಯ ಪ್ರೀಮಿಯರ್‌ಷಿಪ್ಪಿನಲ್ಲಿ ಒಂದು ತಂಡಕ್ಕೂ ಅದರ ಕೆಳಗಿನ ಚಾಂಪಿಯನ್‌ಷಿಪ್ಪಿನಲ್ಲಿ ಇನ್ನೊಂದಕ್ಕೂ ಓಡುವುದು ಸರ್ವೇಸಾಮಾನ್ಯ. ಇವೆಲ್ಲ ಸವಾರರ ಕೊರತೆಯಿಂದ ಹುಟ್ಟಿದ ಉಪಾಯಗಳೆಂದು ನಾನು ಬಲ್ಲೆ. ಆದರೆ ಒಂದು ತಂಡವನ್ನು ತನ್ನದೆಂದು ಹಚ್ಚಿಕೊಳ್ಳುವ ಅಭಿಮಾನಿಯ ಸಹಜ ಭಾವನೆಗೆ ಇವು ಪ್ರತಿ ವಾರವೂ ಪೆಟ್ಟು ಕೊಡುತ್ತವೆ. ಈ ಶತಮಾನದ ಮೊದಲ ದಶಕದಲ್ಲಿ ಹಿಂದೆ ಬಿದ್ದ ತಂಡದ ಒಬ್ಬನಿಗೆ ಕಪ್ಪುಬಿಳುಪು ಹೆಲ್ಮೆಟ್ ತೊಡಿಸಿ ಅವನು ಗಳಿಸಿದ ಅಂಕವನ್ನು ಇಮ್ಮಡಿ ಮಾಡುವ ನಿಯಮವೂ ಇತ್ತು. ಅದು ಹೋದದ್ದು ಒಳ್ಳೆಯದಾಯಿತು. ಇತ್ತೀಚಿನ ನಿಯಮಗಳಲ್ಲಿ ನನಗೆ ಮೆಚ್ಚುಗೆಯಾದದ್ದು 2021ರಲ್ಲಿ ಪ್ರೀಮಿಯರ್‌ಷಿಪ್ಪಿಗೆ ತಂದ ರೈಸಿಂಗ್ ಸ್ಟಾರ್ ಯೋಜನೆ. ಪ್ರತಿ ತಂಡದಲ್ಲೂ ಬ್ರಿಟನ್ನಿನ ಒಬ್ಬ ಕಿರಿಯನಿಗೆ ಜಾಗ ಇರಲೇಬೇಕು ಎಂಬ ಆ ಕಟ್ಟಳೆಯಿಂದ ಹುಡುಗರಿಗೆ ದೊಡ್ಡವರ ಜೊತೆ ಓಡುವ ಅವಕಾಶವಾದರೂ ಸಿಕ್ಕಿತು.

ಆದರೆ ನಿಯಮಗಳನ್ನು ಒಂದು ಸಭೆಯಲ್ಲಿ ಬದಲಾಯಿಸಬಹುದು, ಕಳೆದುಹೋದ ಟ್ರ್ಯಾಕು ತಿರುಗಿ ಬರುವುದಿಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಆಟದ ಬ್ರಿಟನ್ನಿನ ಮೊದಲ ಸ್ಪರ್ಧೆಯೆಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವುದು 1928ರ ಫೆಬ್ರವರಿ 19ರಂದು ಲಂಡನ್ನಿನ ಅಂಚಿನ ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ನಡೆದದ್ದನ್ನು; ಅಂದು ನಿರೀಕ್ಷೆ ಮೀರಿ ಸಾವಿರ ಸಾವಿರ ಜನ ನೆರೆದರು. ಒಂದೇ ವರ್ಷದಲ್ಲಿ ದೇಶದ ತುಂಬ ಟ್ರ್ಯಾಕುಗಳೆದ್ದವು. 1965ರಲ್ಲಿ ಬ್ರಿಟಿಷ್ ಲೀಗ್ ಶುರುವಾದಾಗ ಒಂದೇ ದರ್ಜೆಯಲ್ಲಿ ಹದಿನೆಂಟು ತಂಡಗಳಿದ್ದವು; 2024ರ ಪ್ರೀಮಿಯರ್‌ಷಿಪ್ಪಿನಲ್ಲಿ ಇದ್ದದ್ದು ಏಳು. ನಡುವೆ ಏನಾಯಿತು ಎಂಬುದಕ್ಕೆ ಬಹುತೇಕ ಎಲ್ಲ ಊರಿನಲ್ಲೂ ಒಂದೇ ಕಥೆ. ಕ್ಲಬ್ಬು ಬಾಡಿಗೆದಾರ, ಅಂಗಳ ಮತ್ತೊಬ್ಬರದ್ದು. ನಗರ ಬೆಳೆದು ಅಂಗಳದ ನೆಲಕ್ಕೆ ಬೆಲೆ ಬಂದಾಗ ಅಥವಾ ಮಾಲೀಕರಿಗೆ ಬೇರೆ ಲಾಭ ಕಂಡಾಗ ಬಾಡಿಗೆದಾರ ಹೊರಗೆ. ಬೆಲ್ ವ್ಯೂ ತಂಡದ ಹೈಡ್ ರೋಡ್ ಟ್ರ್ಯಾಕು, ಪೀಟರ್ ಕ್ರೇವನ್ 1955ರಲ್ಲೂ 1962ರಲ್ಲೂ ವಿಶ್ವ ಚಾಂಪಿಯನ್ ಆದ ಕಾಲದಲ್ಲಿ ಓಡಿದ ಟ್ರ್ಯಾಕು, 1987ರಲ್ಲಿ ಮಾರಾಟವಾಯಿತು. ಲಂಡನ್ನಿನ ವಿಂಬಲ್ಡನ್ ತಂಡದ ಪ್ಲೌ ಲೇನ್ ಅಂಗಳ ಕೆಡವಿದ ಜಾಗದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ. ಕವೆಂಟ್ರಿ ಬೀಸ್ ತಂಡ ಬ್ರ್ಯಾಂಡನ್ ಅಂಗಳದಲ್ಲಿ 2016ರ ನಂತರ ಓಡಲಿಲ್ಲ. ಅಲ್ಲಿ ಮನೆ ಕಟ್ಟುವ ಯೋಜನೆಯ ವಿರುದ್ಧ ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದರು. ಸ್ವಿಂಡನ್ ರಾಬಿನ್ಸ್ 2019ರಲ್ಲಿ ಲೀಗ್ ಗೆದ್ದಿತು, ಆಮೇಲೆ ಒಂದು ಹೀಟನ್ನೂ ಓಡಲಿಲ್ಲ. ಪೀಟರ್‌ಬರೊ ಪ್ಯಾಂಥರ್ಸ್ 2021ರಲ್ಲಿ ಲೀಗ್ ಗೆದ್ದಿತು, ಎರಡು ವರ್ಷದೊಳಗೆ ಅದರ ಅಂಗಳವೂ ಮುಚ್ಚಿತು. ಅದೇ 2023ರ ಕೊನೆಗೆ, 1928ರಿಂದ ಸ್ಪೀಡ್‌ವೇ ಕಂಡಿದ್ದ ಮಾನ್‌ಮೋರ್ ಗ್ರೀನ್‌ನಲ್ಲಿ ಬಾಡಿಗೆ ಕರಾರು ಮುಂದುವರಿಯದೆ ವುಲ್ವರ್‌ಹ್ಯಾಂಪ್ಟನ್ ವುಲ್ವ್ಸ್ ಕೂಡ ಹೊರಬಿತ್ತು. ಇವು ಯಾವುವೂ ಸೋತು ಸೊರಗಿದ ತಂಡಗಳಲ್ಲ. ಗೆದ್ದ ತಂಡಗಳೇ ಬೀದಿಪಾಲಾಗುವ ಬೇರೆ ವೃತ್ತಿಪರ ಆಟ ಯಾವುದಿದೆಯೋ ನನಗೆ ಹೊಳೆಯುತ್ತಿಲ್ಲ.

ಹಾಗಾಗಿಯೇ ಆಕ್ಸ್‌ಫರ್ಡಿನ ಉದಾಹರಣೆ ನನಗೆ ಮುಖ್ಯವಾಗಿ ಕಾಣುತ್ತದೆ. 2007ರಲ್ಲಿ ನಿಂತುಹೋಗಿ, ಅಂಗಳವೂ ಬೀಗ ಜಡಿಸಿಕೊಂಡು ಕೂತಿದ್ದ ಆಕ್ಸ್‌ಫರ್ಡ್ ಚೀಟಾಸ್ 2022ರಲ್ಲಿ ಅದೇ ಜಾಗದಲ್ಲಿ ಮತ್ತೆ ಓಡಿತು. ಕಟ್ಟಡ ಉರುಳದೆ ಉಳಿದದ್ದೊಂದೇ ಇದನ್ನು ಸಾಧ್ಯವಾಗಿಸಿತು. ಲೆಸ್ಟರಿನಲ್ಲಿ ಹಳೆಯ ಬ್ಲ್ಯಾಕ್‌ಬರ್ಡ್ ರೋಡ್ ಟ್ರ್ಯಾಕು 1983ರಲ್ಲಿ ಹೋದ ಮೇಲೆ ಹೊಸದೊಂದು ಬರಲು 2011ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಪ್ರೇಕ್ಷಕರೇ ಬೇರೆ ಕಡೆಗೆ ಹೊರಳಿಯಾಗಿತ್ತು. ಲೆಸ್ಟರಿನಲ್ಲಿ ಭಾರತೀಯರ ಸಂಖ್ಯೆ ದೊಡ್ಡದು, ಆದರೂ ಅಲ್ಲಿನ ಟ್ರ್ಯಾಕಿನ ಬೇಲಿಯ ಬಳಿ ನಮ್ಮ ಕಡೆಯ ಮುಖಗಳು ಅಪರೂಪ. ಕ್ಲಬ್ಬುಗಳು ನಮ್ಮನ್ನು ಕರೆಯುವ ಪ್ರಯತ್ನ ಮಾಡಿದ್ದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಉಳಿದ ಕ್ಲಬ್ಬುಗಳಲ್ಲಿ ನನ್ನ ಮೆಚ್ಚಿನದು ಇಪ್ಸ್‌ವಿಚ್ ವಿಚಸ್. ಊರಾಚೆಯ ಫಾಕ್ಸ್‌ಹಾಲ್ ಅಂಗಳದಲ್ಲಿ ಗುರುವಾರ ರಾತ್ರಿ ಓಟವೆಂಬುದು ಆ ಊರಿನ ಪಂಚಾಂಗದಲ್ಲೇ ಬರೆದಿಟ್ಟಂತಿದೆ. ಕಟ್ಟಡದಲ್ಲಿ ಹೊಳಪಿಲ್ಲ, ನಿಲ್ಲುವ ಮೆಟ್ಟಿಲುಗಳು ಹಳೆಯವು, ಆದರೆ ಅಲ್ಲಿನ ಜನ ಹೀಟಿನ ನಡುವೆ ಆಡುವ ಮಾತಿನಲ್ಲಿ ಅರ್ಧ ಶತಮಾನದ ನೆನಪು ಬೆರೆತಿರುತ್ತದೆ. ಶೆಫೀಲ್ಡಿನ ಔಲರ್ಟನ್ ಅಂಗಳ ವೇಗದ ಓಟಕ್ಕೆ ಹೆಸರಾದದ್ದು. ಅಲ್ಲಿನ ಟೈಗರ್ಸ್ 2023ರ ಚಾಂಪಿಯನ್ನರು. ಪೂಲ್ ಪೈರೇಟ್ಸ್ 2018ರಲ್ಲಿ ಮೇಲಿನ ದರ್ಜೆಯ ಪ್ರಶಸ್ತಿ ಗೆದ್ದು, 2019ರ ಋತು ಮುಗಿದ ಮೇಲೆ ಖರ್ಚಿನ ಲೆಕ್ಕ ಹಾಕಿ ತಾನಾಗಿಯೇ ಕೆಳಗಿನ ದರ್ಜೆಗೆ ಇಳಿದ ಕ್ಲಬ್ಬು. ದೊಡ್ಡ ಹೆಸರಿಗಿಂತ ಕೈಗೆಟುಕುವ ಲೆಕ್ಕ ಮೇಲೆಂದು ಅದು ತೀರ್ಮಾನಿಸಿದ್ದನ್ನು ಕೆಲವರು ಹೇಡಿತನವೆಂದರು, ನಾನು ವಿವೇಕವೆನ್ನುತ್ತೇನೆ. ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡಿರುವ ಬೆರಿಕ್‌ನಲ್ಲಿ ಫುಟ್‌ಬಾಲ್ ಮೈದಾನದ ಸುತ್ತಲೇ ಟ್ರ್ಯಾಕಿದೆ. ಪುಟ್ಟ ಊರು, ಪುಟ್ಟ ಗುಂಪು, ಆದರೆ ಮೊದಲ ಸಲ ಹೋದವರನ್ನೂ ಹೆಸರು ಕೇಳಿ ಮಾತಾಡಿಸುವ ಜನ.

ಅತ್ಯುತ್ತಮ ಸವಾರರನ್ನೇ ನೋಡಬೇಕೆನ್ನುವವರಿಗೆ ಬ್ರಿಟಿಷ್ ಲೀಗು ಪೂರ್ತಿ ತೃಪ್ತಿ ಕೊಡುವುದಿಲ್ಲ. ಸವಾರರು ಗಳಿಸಿದ ಅಂಕಕ್ಕೆ ತಕ್ಕಂತೆ ಹಣ ಪಡೆಯುವ ಸ್ವತಂತ್ರ ವೃತ್ತಿಯವರು. ಬೈಕು, ಮೆಕ್ಯಾನಿಕ್, ಪ್ರಯಾಣ ಎಲ್ಲವೂ ಅವರದೇ ಖರ್ಚು. ಪೋಲೆಂಡಿನ ಲೀಗು ಕೊಡುವ ಹಣವನ್ನು ಇಲ್ಲಿನ ಕ್ಲಬ್ಬುಗಳು ಕೊಡಲಾರವು. 2013, 2015 ಮತ್ತು 2018ರಲ್ಲಿ ವಿಶ್ವ ಚಾಂಪಿಯನ್ ಆದ, ಸ್ಕನ್‌ಥಾರ್ಪಿನಲ್ಲಿ ಹುಟ್ಟಿದ ಟೈ ವೊಫಿಂಡನ್ ತನ್ನ ಮೂರನೆಯ ಪ್ರಶಸ್ತಿ ಗೆದ್ದ ವರ್ಷ ಬ್ರಿಟನ್ನಿನ ಯಾವ ಲೀಗ್ ತಂಡದಲ್ಲೂ ಇರಲಿಲ್ಲ ಎಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ. ಆತ ಮರಳಿದ್ದು 2023ರಲ್ಲಿ, ಶೆಫೀಲ್ಡಿಗೆ. ಹೀಗಿದ್ದರೂ ಬ್ರಿಟನ್ನಿನ ರಾಷ್ಟ್ರೀಯ ತಂಡ 2021ರಲ್ಲಿ ಮ್ಯಾಂಚೆಸ್ಟರಿನ ಇದೇ ಅಂಗಳದಲ್ಲಿ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದಿತು. 1989ರ ನಂತರ ಅದು ಗೆದ್ದ ಮೊದಲ ವಿಶ್ವ ತಂಡ ಪ್ರಶಸ್ತಿ ಅದು. ಕಾರ್ಡಿಫ್‌ನ ಬೃಹತ್ ಕ್ರೀಡಾಂಗಣದೊಳಗೆ ಲಾರಿಗಟ್ಟಲೆ ಪುಡಿಗಲ್ಲು ಸುರಿದು ತಾತ್ಕಾಲಿಕ ಟ್ರ್ಯಾಕು ಹಾಸಿ 2001ರಿಂದ ನಡೆಸುತ್ತಿದ್ದ, ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಹಂತವಾದ ಬ್ರಿಟಿಷ್ ಗ್ರ್ಯಾಂಡ್ ಪ್ರಿ 2025ರಲ್ಲಿ ಮ್ಯಾಂಚೆಸ್ಟರಿಗೆ ಬಂತು. ಹತ್ತಾರು ಸಾವಿರ ಜನರ ಗದ್ದಲ ತಪ್ಪಿತು, ಅದು ನಷ್ಟವೇ. ಆದರೆ ಶಾಶ್ವತ ಟ್ರ್ಯಾಕಿನ ಮೇಲಿನ ಓಟದ ಗುಣಮಟ್ಟವೇ ಬೇರೆ, ನನ್ನ ಮತ ಮ್ಯಾಂಚೆಸ್ಟರಿಗೆ.

ಋತು ಮಾರ್ಚ್ ಕೊನೆಯಿಂದ ಅಕ್ಟೋಬರಿನವರೆಗೆ. ಹೊಸಬರು ಜೂನ್ ಅಥವಾ ಜುಲೈ ತಿಂಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು: ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ, ಏಪ್ರಿಲ್ಲಿನಂತೆ ಬೆರಳು ಮರಗಟ್ಟುವುದಿಲ್ಲ, ಸವಾರರೂ ಕೈ ಪಳಗಿಸಿಕೊಂಡಿರುತ್ತಾರೆ. ತವರು ತಂಡ ಸುಲಭವಾಗಿ ಗೆಲ್ಲುವ ಪಂದ್ಯಕ್ಕಿಂತ ಅಂಕಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಎರಡು ತಂಡಗಳ ಪಂದ್ಯ ನೋಡಿ. ಕೊನೆಯ ಹದಿನೈದನೆಯ ಹೀಟಿಗೆ ಎರಡೂ ತಂಡಗಳು ತಮ್ಮ ಅತ್ಯುತ್ತಮ ಇಬ್ಬರನ್ನು ಇಳಿಸುವುದರಿಂದ ಆವರೆಗೆ ಲೆಕ್ಕ ಸಮವಾಗಿದ್ದರೆ ಆ ಒಂದು ನಿಮಿಷಕ್ಕೇ ಕೊಟ್ಟ ಹಣ ಸಂದಂತೆ. ಮನೆಯಿಂದ ಹೊರಡುವ ಮೊದಲು ಕ್ಲಬ್ಬಿನ ಪ್ರಕಟಣೆ ನೋಡಿಕೊಳ್ಳಿ, ಮ್ಯಾಂಚೆಸ್ಟರಿನ ಮಳೆಗೆ ಪುಡಿಗಲ್ಲಿನ ಟ್ರ್ಯಾಕು ಕೆಸರಾದರೆ ಸ್ಪರ್ಧೆ ನಡೆಯುವುದಿಲ್ಲ. ಒಳಗೆ ಹೋದ ಮೇಲೆ ಮಳೆ ಬಂದು ಎರಡು ಹೀಟಿಗೇ ನಿಲ್ಲಿಸಿದರೆ ಟಿಕೆಟ್ಟನ್ನು ಎಸೆಯಬೇಡಿ, ಸಾಮಾನ್ಯವಾಗಿ ಮುಂದೂಡಿದ ದಿನಕ್ಕೆ ಅದೇ ಟಿಕೆಟ್ಟು ನಡೆಯುತ್ತದೆ.